ಇಶಾಳ ಕಾಲಡಿಯ ಹನ್ನೆರಡು ಬಾಟಲಿ

ಫಾರ್ಮಿಂಗ್ಟನ್ ಹಿಲ್ಸ್‌ನ ಹತ್ತಿರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಿರುಪಮಾ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ರೋಗಿಗಳ ರಕ್ತದಲ್ಲಿ, ಕಫದಲ್ಲಿ ಯಾವ ಸೂಕ್ಷ್ಮಾಣು ಬೆಳೆಯುತ್ತಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಎರಡನೇ ಸಲ ನೋಡದೆ ಒಂದು ರಿಪೋರ್ಟನ್ನೂ ಕಳಿಸಿದವಳಲ್ಲ. ಮನೆಯಲ್ಲೂ ಅಷ್ಟೇ. ಗ್ಯಾರೇಜಿನ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಫ್ರೀವೇ ತನಕ ಹೋದ ಕಾರನ್ನು ತಿರುಗಿಸಿಕೊಂಡು ಬಂದದ್ದುಂಟು. ಗಂಡ ಸತೀಶ ಡಿಯರ್‌ಬಾರ್ನ್‌ನಲ್ಲಿ ಕಾರು ತಯಾರಿಸುವ ಕಂಪನಿಯ ಇಂಜಿನಿಯರು. ‘ನಿನ್ನ ಹೆದರಿಕೇಗೇ ಒಂದು ಟ್ಯಾಂಕ್ ಪೆಟ್ರೋಲು ಬೇಕು ಕಣೇ’ ಎಂದು ನಗುತ್ತಿದ್ದ.

ಇಂಥವಳು ಬಿಯರ್ ಮಾಡಲು ಕಲಿತದ್ದು ಮೈಸೂರಿನ ನೆಂಟರಿಗೆ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನಿಂದ ನಿವೃತ್ತಳಾದ ಒಬ್ಬ ಹಿರಿಯ ಸಹೋದ್ಯೋಗಿ, ಮನೆ ಖಾಲಿ ಮಾಡುವಾಗ, ದೊಡ್ಡ ಪಾತ್ರೆ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟು, ಒಂದಿಷ್ಟು ರಬ್ಬರ್ ಕೊಳವೆಗಳನ್ನು ಇವಳ ಕಾರಿಗೆ ತುಂಬಿ ಕಳಿಸಿದ್ದಳು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲೆಂದು ಅವನ್‌ನ ದೀಪ ಹಾಕಿಟ್ಟು ಕಾಯುತ್ತಿದ್ದವಳಿಗೆ ಯೀಸ್ಟಿನ ಕೆಲಸ ಹೊಸದೇನೂ ಅನ್ನಿಸಲಿಲ್ಲ. ಅವಳು ಕುಡಿಯುತ್ತಿದ್ದದ್ದು ಅರ್ಧ ಲೋಟ. ಮಾಡುವುದರಲ್ಲೇ ಅವಳಿಗೆ ಖುಷಿ. ಎಲ್ಲವನ್ನೂ ತೊಳೆದು, ಅಳೆದು, ಬಿಸಿ ನೋಡಿ, ಬರೆದಿಟ್ಟು ಮಾಡುವ ಕೆಲಸವದು.

ಕೋವಿಡ್ ಮುಗಿದ ಮೇಲೆ, ಎರಡು ವರ್ಷ ಒಬ್ಬರನ್ನೊಬ್ಬರು ಫೋನಿನಲ್ಲೇ ನೋಡಿಕೊಂಡಿದ್ದ ಗೆಳೆಯರನ್ನು ಒಂದು ಶನಿವಾರ ಮನೆಗೆ ಕರೆದಳು. ‘ಊಟಕ್ಕೆ ಬನ್ನಿ ಅಂತ ಕರೀತಿಲ್ಲ. ಕೆಲ್ಸ ಮಾಡೋಕ್ಕೆ ಬನ್ನಿ’ ಎಂದು ಗ್ರೂಪಿಗೆ ಮೆಸೇಜು ಹಾಕಿದಳು. ಪಕ್ಕದ ನೋವೈ ಊರಿನಿಂದ ಧಾರವಾಡದ ಜಗನ್ನಾಥ, ಅವನ ಹೆಂಡತಿ ವಿನಿತಾ ಬಂದರು. ಸತೀಶನ ಆಫೀಸಿನ ಮಂಜೇಶ್ ಬಂದ. ಡ್ರೈವ್‌ವೇಯಲ್ಲಿ ಗ್ಯಾಸ್ ಒಲೆಯ ಮೇಲೆ ಏಳು ಗ್ಯಾಲನ್ ಪಾತ್ರೆ ಕುದಿಯುತ್ತಿತ್ತು. ಮೊಳಕೆ ಬರಿಸಿದ ಬಾರ್ಲಿಯ ಸಿಹಿ ವಾಸನೆ ಅಂಚೆಪೆಟ್ಟಿಗೆಯವರೆಗೂ ಹರಡಿತ್ತು.

‘ಏನ್ರೀ ಇದು, ಗಂಜಿ ಕಾಸಲಿಕ್ಕೆ ಹತ್ತೀರೇನು?’ ಎಂದು ಜಗನ್ನಾಥ ಪಾತ್ರೆಯೊಳಗೆ ಬಗ್ಗಿ ನೋಡಿದ.

‘ಬಗ್ಗಬೇಡಿ. ಈ ಸೌಟು ಹಿಡೀರಿ, ತಳ ಹತ್ತದ ಹಾಗೆ ತಿರುಗಿಸ್ತಾ ಇರಿ’ ಎಂದಳು ನಿರುಪಮಾ.

ಅಂದು ಆರು ಗಂಟೆ ಕಾಲ ಅವರು ಕುದಿಸಿದರು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಉಂಡೆಗಳನ್ನು ಹಾಕಿದರು, ತಣ್ಣೀರು ಹರಿಯುವ ಸುರುಳಿ ಕೊಳವೆ ಇಳಿಸಿ ಆರಿಸಿದರು, ಮಾತಾಡಿದರು. ಎರಡು ವರ್ಷದಲ್ಲಿ ಯಾರ ಮನೆಯಲ್ಲಿ ಏನೇನಾಯಿತೆಂದು ಅವರಿಗೆ ನಿಜವಾಗಿ ಗೊತ್ತಾದದ್ದು ಆ ದಿನವೇ. ಮುಂದೆ ಅದು ವರ್ಷಕ್ಕೆ ಮೂರು ಸಲದ ಪದ್ಧತಿಯಾಯಿತು. ಕುದಿಸುವುದಕ್ಕೆ ಒಂದು ಶನಿವಾರ, ಬಾಟಲಿಗೆ ತುಂಬುವುದಕ್ಕೆ ಮೂರು ವಾರದ ನಂತರದ ಇನ್ನೊಂದು ಶನಿವಾರ.

ಹೋದ ವರ್ಷದ ಮಾರ್ಚಿನಲ್ಲಿ ಬಾಟಲಿ ತುಂಬುವ ಶನಿವಾರ ನಡೆದದ್ದು ಇದು. ಎಲ್ಲರೂ ಬರುವುದಕ್ಕೆ ಮುಂಚೆ ನಿರುಪಮಾ ಬೇಸ್‌ಮೆಂಟಿಗೆ ಇಳಿದು, ಮೂರು ವಾರದಿಂದ ಅಲ್ಲಿಟ್ಟಿದ್ದ ಬಕೆಟ್ಟಿನಿಂದ ಒಂದಿಷ್ಟು ಬಿಯರನ್ನು ಉದ್ದನೆಯ ಲೋಟಕ್ಕೆ ತೆಗೆದು, ಹೈಡ್ರೋಮೀಟರ್ ತೇಲಿಬಿಟ್ಟಳು. ದ್ರವದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ತೋರಿಸುವ ಗಾಜಿನ ಕಡ್ಡಿ ಅದು. ಅಂಕಿ ಹನ್ನೆರಡಕ್ಕೆ ಇಳಿದಿರಬೇಕಿತ್ತು. ಇಪ್ಪತ್ತರಲ್ಲೇ ನಿಂತಿತ್ತು. ಆ ವರ್ಷ ಚಳಿ ಹೋಗಿರಲಿಲ್ಲ. ಬೇಸ್‌ಮೆಂಟಿನ ತಣ್ಣಗೆ ಯೀಸ್ಟು ಅರ್ಧ ಕೆಲಸ ಮಾಡಿ ಮಲಗಿಬಿಟ್ಟಿತ್ತು. ಹಾಗೇ ಬಾಟಲಿಗೆ ತುಂಬಿ ಮುಚ್ಚಳ ಒತ್ತಿದರೆ, ಮುಂದೆ ಬೆಚ್ಚಗಾದಾಗ ಯೀಸ್ಟು ಎದ್ದು ಉಳಿದ ಸಕ್ಕರೆಯನ್ನು ತಿನ್ನುತ್ತದೆ. ಆಗ ಹುಟ್ಟುವ ಗ್ಯಾಸಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ.

ಇದೆಲ್ಲ ಅವಳಿಗೆ ಗೊತ್ತಿತ್ತು. ಬಕೆಟ್ಟನ್ನು ಬೆಚ್ಚಗಿನ ಕಡೆ ಇಟ್ಟು ಇನ್ನೊಂದು ವಾರ ಕಾಯಬೇಕಿತ್ತು. ಅಷ್ಟರಲ್ಲಿ ಮೇಲೆ ಬೆಲ್ ಆಯಿತು. ವಿನಿತಾ ಬಿಸಿಬೇಳೆಬಾತಿನ ಪಾತ್ರೆ ಹಿಡಿದು ನಿಂತಿದ್ದಳು. ಮಂಜೇಶ್ ನಲವತ್ತೆಂಟು ಬಾಟಲಿ ತೊಳೆದು ತಂದಿದ್ದ. ಜಗನ್ನಾಥ ಆಗಲೇ ಮೆಟ್ಟಿಲಿಳಿಯುತ್ತ, ‘ನಡೀರಿ, ಎಲ್ಲೈತಿ ನಮ್ಮ ಕೂಸು?’ ಎಂದು ಕೂಗುತ್ತಿದ್ದ. ಇವತ್ತು ಬೇಡ ಎಂದು ಹೇಳಲು ನಿರುಪಮಾಗೆ ಬಾಯಿ ಬರಲಿಲ್ಲ. ಎಂಟು ಅಂಕಿ ಏನು ಮಹಾ, ಅಂದುಕೊಂಡಳು. ಗಾಜಿನ ಕಡ್ಡಿಯನ್ನು ಒರೆಸಿ ಡ್ರಾಯರಿನಲ್ಲಿಟ್ಟಳು.

ಬಾಟಲಿಗಳನ್ನು ಹಂಚಿಕೊಂಡರು. ಜಗನ್ನಾಥನಿಗೆ ಹನ್ನೆರಡು, ಮಂಜೇಶನಿಗೆ ಹನ್ನೆರಡು, ಮಿಕ್ಕ ಇಪ್ಪತ್ತನಾಲ್ಕು ಇವಳ ಬೇಸ್‌ಮೆಂಟಿನಲ್ಲಿ. ಅದರಲ್ಲಿ ಒಂದು ಡಜನ್ ಶಿಕಾಗೋ ಹತ್ತಿರದ ಅರೋರಾದಲ್ಲಿರುವ ಕೇಶವ್‌ಗೆ ಎಂದು ಎತ್ತಿಟ್ಟಳು. ಕೇಶವ್ ಸತೀಶನ ತಂಗಿ ಮಾಳವಿಕಾಳ ಗಂಡ. ಮೇ ತಿಂಗಳಲ್ಲಿ ಅವರ ಹೊಸ ಮನೆಯ ಗೃಹಪ್ರವೇಶವಿತ್ತು.

ಹೊರಟ ಶನಿವಾರ ಆ ವರ್ಷದ ಮೊದಲ ನಿಜವಾದ ಬಿಸಿಲು. ಬೆಳಿಗ್ಗೆ ಹತ್ತಕ್ಕೇ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಹೋಳಿಗೆಯ ಡಬ್ಬಿ, ತಟ್ಟೆಗಳು, ಹಣ್ಣಿನ ಬುಟ್ಟಿಗಳಿಂದ ಕಾರಿನ ಡಿಕ್ಕಿ ತುಂಬಿಹೋಗಿ, ಬಾಟಲಿಯ ರಟ್ಟಿನ ಡಬ್ಬ ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗಕ್ಕೆ ಬಂತು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಕೇಶವನ ತಾಯಿ ಪದ್ಮ ಅವರ ಕಣ್ಣಿಗೆ ಬೀಳಬಾರದೆಂದು ಅದರ ಮೇಲೊಂದು ಕಂಬಳಿ. ಹನ್ನೆರಡು ವರ್ಷದ ಮಗಳು ಇಶಾ ಅದರ ಮೇಲೆ ಎರಡೂ ಕಾಲು ಚಾಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು.

ಕ್ಯಾಲಮಜೂ ಊರು ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ಊಟಕ್ಕೆ ನಿಲ್ಲಿಸಿದರು. ನೆರಳಿನಲ್ಲಿ ಜಾಗವಿರಲಿಲ್ಲ. ಗಂಡ ಹೆಂಡತಿ ಮರದಡಿಯ ಮೇಜಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಇಶಾ ಕೆಳಗಿಳಿಯಲಿಲ್ಲ. ಕಾರಿನ ಬಾಗಿಲು ತೆಗೆದಿಟ್ಟುಕೊಂಡು ಫೋನ್ ನೋಡುತ್ತ ಹಾಗೇ ಒರಗಿದ್ದಳು. ಅರ್ಧ ಗಂಟೆ ಕಳೆದಿತ್ತು. ನಿರುಪಮಾಳ ಫೋನು ಹೊಡೆದುಕೊಂಡಿತು. ಜಗನ್ನಾಥ.

‘ನಿರುಪಮಾ ಅವ್ರ, ನಮ್ಮ ಮನ್ಯಾಗ ಏನಾಗೇದ ಗೊತ್ತದೇನು?’ ಅವನ ದನಿ ಎಂದಿನಂತಿರಲಿಲ್ಲ. ‘ಲಾಂಡ್ರಿ ರೂಮಿನಾಗ ಗುಂಡು ಹೊಡದಂಗ ಸಪ್ಪಳ ಆತು. ಬಾಗಲಾ ತಗದು ನೋಡತೇನಿ, ನಾಕು ಬಾಟ್ಲಿ ಒಡದು ಚೂರುಚೂರು ಆಗ್ಯಾವ. ಒಂದ್ ಚೂರು ಗ್ವಾಡಿಗೆ ನಟ್ಟದ, ಕಿತ್ತರ ಬರವಲ್ದು. ವಿನಿತಾ ಹತ್ತು ನಿಮಿಷದ ಹಿಂದ ಅಲ್ಲೇ ನಿಂತು ಬಟ್ಟಿ ಮಡಚಲಿಕ್ಕೆ ಹತ್ತಿದ್ಲು.’

ಇಪ್ಪತ್ತು ಎಂಬ ಅಂಕಿ ನಿರುಪಮಾಳ ಕಣ್ಣೆದುರು ಬಂದು ನಿಂತಿತು.

‘ಯಾರೂ ಒಳಗೆ ಹೋಗ್ಬೇಡಿ’ ಎಂದಳು. ‘ಬಾಗಿಲು ಹಾಕ್ಬಿಡಿ. ಮಂಜೇಶ್‌ಗೆ ಈಗ್ಲೇ ಫೋನ್ ಮಾಡಿ. ಬಾಟ್ಲಿ ಮುಟ್ಟಬಾರ್ದು, ಹತ್ರಾನೂ ಹೋಗಬಾರ್ದು ಅಂತ ಹೇಳಿ.’

‘ನಿಮ್ಮವು ಎಲ್ಲಿ ಅದಾವು?’

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ನಲವತ್ತು ಹೆಜ್ಜೆ ದೂರದಲ್ಲಿ ಕಾರು ಬಿಸಿಲಿಗೆ ಹೊಳೆಯುತ್ತಿತ್ತು. ತೆರೆದ ಬಾಗಿಲಿನೊಳಗೆ ಮಗಳ ಮಂಡಿ ಕಾಣುತ್ತಿತ್ತು. ಹಾಡಿಗೆ ತಕ್ಕಂತೆ ಇಶಾ ಹಿಮ್ಮಡಿಯಿಂದ ಡಬ್ಬವನ್ನು ಮೆಲ್ಲಗೆ ತಟ್ಟುತ್ತಿದ್ದಳು.

ಕೂಗಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೂಗಿದರೆ ಹುಡುಗಿ ಗಾಬರಿಯಾಗಿ ಡಬ್ಬ ಒದ್ದಾಳು. ಓಡಲೂ ಭಯವಾಯಿತು. ಓಡಿದರೆ ನೆಲ ಅದುರುತ್ತದೆ ಎಂಬಂಥ ಹುಚ್ಚು ಯೋಚನೆ. ಸತೀಶ ‘ಯಾರದು ಫೋನು?’ ಎನ್ನುತ್ತಿದ್ದ. ಅವಳು ನಡೆದಳು. ಪ್ರತಿ ಹೆಜ್ಜೆಗೂ, ಈಗ, ಈಗ, ಅನ್ನಿಸುತ್ತಿತ್ತು. ಅರ್ಧ ದಾರಿಗೆ ಬಂದಾಗ ಬೆನ್ನು ಪೂರ್ತಿ ಬೆವೆತು, ಕುರ್ತಾ ಮೈಗಂಟಿತ್ತು.

ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಮಗಳ ಹೆಡ್‌ಫೋನನ್ನು ಒಂದು ಬೆರಳಿನಿಂದ ಸರಿಸಿದಳು.

‘ಇಶಾ, ಎರಡೂ ಕಾಲು ಮೆಲ್ಲಗೆ ಮೇಲೆತ್ತು ಪುಟ್ಟ.’

‘ವೈ?’

‘ಎತ್ತು. ಮೆಲ್ಲಗೆ.’

ತಾಯಿಯ ಮುಖ ನೋಡಿ ಇಶಾ ಮತ್ತೆ ಕೇಳಲಿಲ್ಲ. ಕಾಲೆತ್ತಿದಳು. ಡಬ್ಬದೊಳಗೆ ಒಂದು ಬಾಟಲಿ ಇನ್ನೊಂದಕ್ಕೆ ತಾಗಿ ಸಣ್ಣದಾಗಿ ಕಿಣ್ ಎಂದಿತು. ನಿರುಪಮಾ ಮಗಳನ್ನು ಎದೆಗೆ ಎಳೆದುಕೊಂಡು, ತನ್ನ ಬೆನ್ನನ್ನು ಕಾರಿನ ಕಡೆ ಮಾಡಿ, ತನ್ನಷ್ಟೇ ಎತ್ತರಕ್ಕೆ ಬೆಳೆದ ಹುಡುಗಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಓಡಿದಳು.

ಮರದ ಬುಡಕ್ಕೆ ಬಂದಾಗ ಸತೀಶ ಎದ್ದು ನಿಂತಿದ್ದ. ಅವಳು ಎರಡೇ ಮಾತಿನಲ್ಲಿ ಹೇಳಿದಳು.

‘ಬಾಗಿಲು ತೆರೆದೇ ಇದೆ. ಹಾಕಿ ಬರ್ತೀನಿ’ ಎಂದು ಅವಳು ತಿರುಗಿದಳು. ಅವನು ರಟ್ಟೆ ಹಿಡಿದ.

‘ಹುಚ್ಚಾ ನಿಂಗೆ? ಇಲ್ಲೇ ಇರು.’

ಆಗಲೇ ಒಂದು ಮಿನಿವ್ಯಾನ್ ನಿಧಾನವಾಗಿ ಬಂದು, ಅವರ ಕಾರಿನ ಪಕ್ಕದಲ್ಲೇ, ತೆರೆದ ಬಾಗಿಲಿನ ಕಡೆಯಲ್ಲೇ ಇದ್ದ ಖಾಲಿ ಜಾಗಕ್ಕೆ ತಿರುಗತೊಡಗಿತು. ಹಿಂದಿನ ಕಿಟಕಿಯಲ್ಲಿ ಎರಡು ಪುಟ್ಟ ತಲೆಗಳು.

‘ಅವರಿಗೆ ಹೇಳ್ಬೇಕು’ ಎಂದಳು.

‘ಏನಂತ ಹೇಳ್ತೀಯ?’ ಸತೀಶ ಪಿಸುಗುಟ್ಟಿದ. ಅವನ ಹಿಡಿತ ಇನ್ನೂ ಬಿಗಿಯಾಯಿತು. ‘ಕಾರಲ್ಲಿ ಎಕ್ಸ್‌ಪ್ಲೋಡ್ ಆಗೋದು ಇದೆ ಅಂತಾನಾ? ನಮ್ಮ ಮುಖ ನೋಡಿ ಏನಂದ್ಕೋತಾರೆ ಗೊತ್ತಾ? ಮುಂದಿನ ತಿಂಗಳು ಗ್ರೀನ್ ಕಾರ್ಡ್ ಇಂಟರ್‌ವ್ಯೂ, ನಿರು. ಹದಿನಾಲ್ಕು ವರ್ಷ ಕಾದಿದ್ದೀವಿ. ಅವ್ರು ಇಳಿದು ಬಾತ್‌ರೂಮಿಗೆ ಹೋಗ್ತಾರೆ, ಅಷ್ಟೇ. ಸುಮ್ನಿರು.’

ಅವನ ಭಯ ಅವಳಿಗೆ ಅರ್ಥವಾಗದ್ದಲ್ಲ. ಅದೇ ಭಯ ಅವಳಿಗೂ ಇತ್ತು. ಪೊಲೀಸ್ ಕಾರು ಹಿಂದೆ ಬಂದರೆ ತಪ್ಪಿಲ್ಲದೆಯೂ ಕೈ ತಣ್ಣಗಾಗುವ ಭಯ. ಒಂದು ಕ್ಷಣ ಅವಳು ನಿಜಕ್ಕೂ ಸುಮ್ಮನೆ ನಿಂತಳು. ವ್ಯಾನು ನಿಂತಿತು. ಅದರ ಪಕ್ಕದ ಬಾಗಿಲು ತಾನಾಗಿ ಜಾರತೊಡಗಿತು.

‘ಸ್ಟಾಪ್!’ ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಕೀರಲಾಗಿತ್ತು. ಗಂಡನ ಕೈ ಕೊಡವಿ ಮುಂದೆ ಓಡುತ್ತ, ಎರಡೂ ಕೈ ಬೀಸುತ್ತ ಕೂಗಿದಳು: ‘ಡೋಂಟ್ ಗೆಟ್ ಔಟ್! ಗೋ ಬ್ಯಾಕ್! ಬಾಟಲ್ಸ್! ದೆ ವಿಲ್ ಎಕ್ಸ್‌ಪ್ಲೋಡ್!’

ಆಡಬಾರದೆಂದು ಸತೀಶ ಹೇಳಿದ ಮಾತೇ ಹೊರಗೆ ಬಂದುಬಿಟ್ಟಿತ್ತು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ವ್ಯಾನಿನ ಗಂಡಸು ಒಂದು ಗಳಿಗೆ ಅವಳನ್ನು ದಿಟ್ಟಿಸಿದ. ಆಮೇಲೆ ಗಕ್ಕನೆ ರಿವರ್ಸ್ ಹಾಕಿ, ಬಾಗಿಲು ಅರ್ಧ ತೆರೆದಿದ್ದಂತೆಯೇ ಹಿಂದಕ್ಕೆ ಹೋದ. ಆ ವ್ಯಾನು ಮೂರು ಜಾಗ ದಾಟುವಷ್ಟರಲ್ಲಿ ಮೊದಲ ಬಾಟಲಿ ಸಿಡಿಯಿತು.

ಆ ಸದ್ದು ಗುಂಡಿನಂತೆಯೇ ಇತ್ತು. ಒಂದರ ಹಿಂದೆ ಇನ್ನೆರಡು. ಗಾಜಿನ ಚೂರುಗಳು ಖಾಲಿ ಜಾಗದ ಡಾಂಬರಿನ ಮೇಲೆ ಚೆಲ್ಲಿ ಚಿಟಿಚಿಟಿ ಸದ್ದು ಮಾಡಿದವು. ಕಂದು ನೊರೆ ಬಾಗಿಲಿನಿಂದ ತೊಟ್ಟಿಕ್ಕಿತು. ಯಾರೋ ಹೆಂಗಸು ಕಿರುಚಿದಳು. ಮೇಜುಗಳಲ್ಲಿ ಕೂತಿದ್ದವರು ಕಟ್ಟಡದ ಕಡೆ ಓಡಿದರು. ವ್ಯಾನಿನ ಗಂಡಸು ಫೋನಿನಲ್ಲಿ ಮಾತಾಡುತ್ತಿರುವುದು ಕಂಡಿತು. ಮಾತಾಡುತ್ತ ಅವನು ಇವರ ಕಡೆಗೇ ನೋಡುತ್ತಿದ್ದ.

ಎಂಟು ನಿಮಿಷಕ್ಕೆ ಹೆದ್ದಾರಿಯ ಪೊಲೀಸ್ ಬಂದ. ಆ ಎಂಟು ನಿಮಿಷ ಮೂವರೂ ಹುಲ್ಲಿನ ಮೇಲೆ, ಕೈಗಳು ಕಾಣುವಂತೆ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಹಾಗೆ ಕೂರಲು ಹೇಳಿದ್ದು ಸತೀಶ. ‘ಆರ್ ದೆ ಗೋಯಿಂಗ್ ಟು ಅರೆಸ್ಟ್ ಅಸ್?’ ಎಂದು ಇಶಾ ಕೇಳಿದಳು.

ಪೊಲೀಸಿನವನು ಎಳೆಯ ವಯಸ್ಸಿನವನು. ಒಂದು ಕೈ ಸೊಂಟದ ಮೇಲಿತ್ತು. ದೂರದಲ್ಲೇ ನಿಂತು, ಕಾರಿನಲ್ಲಿ ಏನಿದೆ ಎಂದು ಕೇಳಿದ. ನಿರುಪಮಾ ಏಳದೆ, ಕೈ ಅಲ್ಲಾಡಿಸದೆ ಹೇಳಿದಳು: ಬಿಯರ್. ಮನೆಯಲ್ಲಿ ಮಾಡಿದ್ದು. ಹನ್ನೆರಡು ಬಾಟಲಿ, ಮೂರು ಒಡೆದಿವೆ, ಒಂಬತ್ತು ಉಳಿದಿವೆ. ಯಾಕೆ ಒಡೆಯುತ್ತಿವೆ ಎಂದು ಅವನು ಕೇಳಿದ. ಒಳಗೆ ಗ್ಯಾಸ್ ತುಂಬಿದೆ ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನು, ಹೀಗಾಗುತ್ತದೆ ಎಂದು ನಿಮಗೆ ತಿಳಿದಿರಲಿಲ್ಲವೇ ಎಂದ. ಲ್ಯಾಬಿನಲ್ಲಿ ಡಾಕ್ಟರಿಗೆ ಕೆಟ್ಟ ಸುದ್ದಿ ಓದಿ ಹೇಳುವಾಗಿನ ದನಿ ಅವಳಿಗೆ ಬಂತು. ತುಂಬುವ ದಿನವೇ ಅಳೆದು ನೋಡಿದ್ದೆ, ಎಂದಳು. ಅಂಕಿ ಸರಿಯಿರಲಿಲ್ಲ. ಗೆಳೆಯರು ಬಂದುಬಿಟ್ಟಿದ್ದರು. ಯಾರಿಗೂ ಹೇಳದೆ ತುಂಬಿಸಿಬಿಟ್ಟೆ.

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದ ಇಶಾಗೆ ಪ್ರತಿಯೊಂದು ಮಾತೂ ಕೇಳಿಸಿತು.

‘ಯು ನ್ಯೂ? ನಿಂಗೆ ಗೊತ್ತಿತ್ತಾ?’ ಎಂದಳು ಮಗಳು.

ಸತೀಶ ಹೆಂಡತಿಯ ಕಡೆ ನೋಡಲಿಲ್ಲ. ಕಾರನ್ನೇ ನೋಡುತ್ತ ಕೂತ. ಆಗ ಇನ್ನೊಂದು ಬಾಟಲಿ ಸಿಡಿಯಿತು. ಪೊಲೀಸಿನವನು ತಟಕ್ಕನೆ ಬಗ್ಗಿದ. ಎದ್ದಾಗ ಅವನ ಮುಖ ಕೆಂಪೇರಿತ್ತು. ಸುತ್ತಲಿನ ಜಾಗಗಳಿಗೆ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು, ಅಗ್ನಿಶಾಮಕದವರನ್ನು ಕರೆಸಿ, ಇವರ ಲೈಸೆನ್ಸುಗಳನ್ನು ತೆಗೆದುಕೊಂಡು ತನ್ನ ಕಾರಿಗೆ ಹೋದ. ಮುಕ್ಕಾಲು ಗಂಟೆ ಅಲ್ಲಿಂದ ಹೊರಗೆ ಬರಲಿಲ್ಲ.

ಅಗ್ನಿಶಾಮಕದವರು ಬಂದರು. ಮುಖಕ್ಕೆ ಕವಚ ಹಾಕಿಕೊಂಡ ಇಬ್ಬರು, ಡಬ್ಬದ ಮೇಲೆ ಒದ್ದೆ ಮಾಡಿದ ದಪ್ಪ ಹೊದಿಕೆ ಹೊದಿಸಿ, ಅಂಗುಲ ಅಂಗುಲವಾಗಿ ಅದನ್ನು ಹೊರಗೆಳೆದು, ಕಬ್ಬಿಣದ ತೊಟ್ಟಿಗೆ ಇಳಿಸಿದರು. ತಣ್ಣೀರು ಬಿಟ್ಟು ಅರ್ಧ ಗಂಟೆ ಕಾದರು. ನಿರುಪಮಾ ಆ ಇಬ್ಬರ ಕೈಗಳನ್ನೇ ನೋಡುತ್ತಿದ್ದಳು. ಅವರಿಗೂ ಮನೆಯಲ್ಲಿ ಮಕ್ಕಳಿರಬಹುದು. ಒಂದೊಂದೇ ಬಾಟಲಿಯ ಮುಚ್ಚಳ ಸಡಿಲಿಸಿದಾಗ ನೊರೆ ಆಳೆತ್ತರಕ್ಕೆ ಚಿಮ್ಮಿತು. ಎಂಟನೆಯದೂ ಖಾಲಿಯಾಗುವ ತನಕ ಅವಳು ಒಂದೊಂದನ್ನೂ ಎಣಿಸಿದಳು.

ಪೊಲೀಸಿನವನು ರಿಪೋರ್ಟು ಬರೆದುಕೊಂಡು, ಲೈಸೆನ್ಸು ವಾಪಸು ಕೊಟ್ಟು, ಹೊರಡಬಹುದು ಎಂದ. ವ್ಯಾನಿನ ಗಂಡಸು ಮಕ್ಕಳೊಂದಿಗೆ ಹೊರಡುವ ಮುಂಚೆ ದೂರದಿಂದಲೇ ಒಮ್ಮೆ ಕೈಯೆತ್ತಿದ. ಅದು ಥ್ಯಾಂಕ್ಸೋ, ಸಿಟ್ಟೋ, ನಿರುಪಮಾಗೆ ಗೊತ್ತಾಗಲಿಲ್ಲ. ಸತೀಶ ಹಿಂದಿನ ಸೀಟಿನ ಗಾಜು ಗುಡಿಸುವಾಗ, ಇಶಾಳ ಮಂಡಿ ಇದ್ದ ಎತ್ತರದಲ್ಲಿ, ಮುಂದಿನ ಸೀಟಿನ ಬೆನ್ನಿಗೆ ಹೂತುಕೊಂಡಿದ್ದ ಉದ್ದನೆಯ ಚೂರೊಂದನ್ನು ಕಿತ್ತು ತೆಗೆದ. ಅದನ್ನು ಹೆಂಡತಿಯ ಅಂಗೈಗೆ ಇಟ್ಟ.

ಅಲ್ಲಿಂದ ಅರೋರಾದವರೆಗೆ ಇಶಾ ಮುಂದೆ ಕೂತಳು. ನಿರುಪಮಾ ಹಿಂದೆ, ಒದ್ದೆ ಸೀಟಿನ ಮೇಲೆ ಟವೆಲ್ ಹಾಸಿಕೊಂಡು. ಕಿಟಕಿ ತೆರೆದರೂ ವಾಸನೆ ಹೋಗಲಿಲ್ಲ. ದಾರಿಯಲ್ಲಿ ಮಂಜೇಶನ ಮೆಸೇಜು ಬಂತು. ಅವನ ಬಾಟಲಿಗಳು ಫ್ರಿಜ್ಜಿನಲ್ಲೇ ಇದ್ದವಂತೆ, ಒಂದೂ ಒಡೆದಿಲ್ಲವಂತೆ. ಅವಳು ಅದನ್ನು ನಾಲ್ಕು ಸಲ ಓದಿದಳು.

ಸಂಜೆ ಆರಕ್ಕೆ ತೋರಣ ಕಟ್ಟಿದ ಹೊಸ ಬಾಗಿಲನ್ನು ತೆರೆದವರು ಪದ್ಮ ಅವರೇ. ಮೂವರಿಂದಲೂ ಹುಳಿ ಹುಳಿ ವಾಸನೆ ಬರುತ್ತಿತ್ತು. ಸತೀಶ ದಾರಿಯುದ್ದಕ್ಕೂ ಒಂದು ಸುಳ್ಳನ್ನು ಹೊಂದಿಸಿಕೊಂಡಿದ್ದ, ಪಕ್ಕದ ಮೇಜಿನವರು ಚೆಲ್ಲಿದ್ದು ಅಂತ. ಅವನು ಬಾಯಿ ತೆರೆಯುವ ಮುಂಚೆಯೇ ನಿರುಪಮಾ ಹೇಳಿಬಿಟ್ಟಳು.

‘ಅಮ್ಮ, ನಾನು ಬಿಯರ್ ಮಾಡ್ತೀನಿ, ಮನೇಲಿ. ಬಾಟ್ಲಿಗಳು ಕಾರಲ್ಲಿ ಒಡೆದುಹೋದ್ವು. ಇಶಾ ಕಾಲ ಹತ್ರಾನೇ ಇದ್ವು. ತಪ್ಪು ನಂದೇ.’

ಪದ್ಮ ಅವಳನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ‘ಕಾಲು ನೋಡಿದೀರಾ ಮಗೂದು? ಸರಿಯಾಗಿ?’ ಎಂದರು. ಉತ್ತರಕ್ಕೆ ಕಾಯದೆ ಇಶಾಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕನ್ನಡಕ ಹಾಕಿಕೊಂಡು, ಫೋನಿನ ಬೆಳಕಿನಲ್ಲಿ ಬೆರಳುಬೆರಳಿನ ಸಂದಿಯನ್ನೂ ನೋಡಿದರು. ಎಡ ಹಿಮ್ಮಡಿಯ ಮೇಲೆ ಅಕ್ಕಿ ಕಾಳಿನಷ್ಟು ಉದ್ದದ ಒಂದು ಗೀರು ಸಿಕ್ಕಿತು. ಗೇಟಿನಲ್ಲಿ ತರಚಿದ್ದೋ, ಚಪ್ಪಲಿ ಕಚ್ಚಿದ್ದೋ, ಗಾಜೋ, ಯಾರಿಗೂ ಗೊತ್ತಿಲ್ಲ. ಅದನ್ನು ನೋಡಿದ್ದೇ ತಡ, ಅಷ್ಟು ಹೊತ್ತು ಗಟ್ಟಿಯಾಗಿದ್ದ ನಿರುಪಮಾ ಹೊಸಿಲ ಹೊರಗೇ ಕುಸಿದು ಕೂತು, ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತಳು.

‘ಸ್ನಾನ ಮಾಡ್ಕೊಂಡು ಬಾ. ಆಮೇಲೆ ಮಾತಾಡೋಣ’ ಎಂದರು ಪದ್ಮ. ಆಮೇಲೆ ಅವರು ಆ ಮಾತೆತ್ತಲಿಲ್ಲ. ಕೇಶವನನ್ನು ಮಾತ್ರ ಅಡುಗೆಮನೆಗೆ ಕರೆದು ಏನೋ ಕೇಳಿದರು. ಅವನು ತಲೆ ತಗ್ಗಿಸಿಕೊಂಡು ಹೊರಗೆ ಬಂದ.

ಮನೆಗೆ ಮರಳಿದ ದಿನ ನಿರುಪಮಾ, ತಣ್ಣನೆಯ ಬೇಸ್‌ಮೆಂಟಿನಲ್ಲಿ ಇನ್ನೂ ಒಡೆಯದೆ ನಿಂತಿದ್ದ ಕೊನೆಯ ಹನ್ನೆರಡನ್ನು ಸ್ಕೀ ಕನ್ನಡಕ, ದಪ್ಪ ಜಾಕೆಟ್ಟು ಹಾಕಿಕೊಂಡು ಒಬ್ಬಳೇ ತೆರೆದು ಚೆಲ್ಲಿದಳು. ನೋವೈಗೆ ಹೋಗಿ ವಿನಿತಾಳ ಎದುರು ಕೂತು, ಮುಚ್ಚಿಟ್ಟದ್ದನ್ನು ಹೇಳಿದಳು. ವಿನಿತಾ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು. ಗ್ರೀನ್ ಕಾರ್ಡಿನ ಇಂಟರ್‌ವ್ಯೂನಲ್ಲಿ ರೆಸ್ಟ್ ಏರಿಯಾದ ಬಗ್ಗೆ ಯಾರೂ ಕೇಳಲಿಲ್ಲ. ಆದರೂ ಕಾರ್ಡು ಕೈಗೆ ಬರುವ ತನಕ ಅಂಚೆಯವನ ವ್ಯಾನು ಕಂಡರೆ ಗಂಡ ಹೆಂಡತಿ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಅಕ್ಟೋಬರಿನಲ್ಲಿ ಜಗನ್ನಾಥನೇ ಫೋನ್ ಮಾಡಿದ. ‘ಮತ್ತ ಯಾವಾಗ ಕುದಸೋದು? ಹಿಂಗ ಕೂತರ ಆಗಂಗಿಲ್ಲ ನೋಡ್ರಿ. ನಮ್ಮ ಆಫೀಸಿನ ಇಬ್ರು ಕಲೀಬೇಕು ಅಂತಾರ.’

ಅವಳು ಒಂದು ವಾರ ಯೋಚಿಸಿ ಒಪ್ಪಿದಳು. ಆ ಶನಿವಾರ ಒಲೆ ಹಚ್ಚುವ ಮುಂಚೆ, ಹೊಸಬರಿಬ್ಬರನ್ನು ಡ್ರೈವ್‌ವೇಯಲ್ಲಿ ಕೂರಿಸಿ, ನಡೆದದ್ದೆಲ್ಲ ಹೇಳಿದಳು. ತಾನು ಮುಚ್ಚಿಟ್ಟದ್ದನ್ನೂ ಬಿಡಲಿಲ್ಲ. ಅವರಲ್ಲೊಬ್ಬ, ಮಗುವನ್ನು ಸ್ವಿಮ್ಮಿಂಗಿಗೆ ಕರೆದುಕೊಂಡು ಹೋಗಬೇಕು ಎಂದು ಹೇಳಿ ಕಾರು ಹತ್ತಿ ಹೊರಟುಹೋದ. ಇನ್ನೊಬ್ಬ ಉಳಿದ. ಇಶಾ ಮಾತ್ರ ಕೆಳಗೆ ಬರಲಿಲ್ಲ. ಈಗಲೂ ಅಂಥ ದಿನಗಳಲ್ಲಿ ಗೆಳತಿಯ ಮನೆಗೆ ಹೋಗಿಬಿಡುತ್ತಾಳೆ. ನಿರುಪಮಾ ಅವಳನ್ನು ತಡೆಯುವುದಿಲ್ಲ.

‘ನಿಮಗೆ ಈಗ್ಲೂ ಭಯ ಆಗಲ್ವಾ ಆಂಟಿ?’ ಎಂದು ಉಳಿದ ಹುಡುಗ ಪಾತ್ರೆಗೆ ನೀರು ಸುರಿಯುತ್ತ ಕೇಳಿದ.

‘ಆಗತ್ತೆ’ ಎಂದಳು. ಹೈಡ್ರೋಮೀಟರನ್ನು ಅವನ ಕೈಗೆ ಕೊಟ್ಟು, ಲೈಟರಿನಿಂದ ಒಲೆ ಹಚ್ಚಿದಳು.